ಕೆಳಗೆ 300 ಕೋಟಿ ಬ್ಯಾರಲ್, ಕೈಗೆ 18 ಕೋಟಿ: ಮ್ಯಾರಿನರ್ ತೈಲದ ಲೆಕ್ಕ ಕುಸಿದದ್ದೇಕೆ?

ಶೆಲ್ ಮತ್ತು ನಾರ್ವೆಯ ಇಕ್ವಿನಾರ್ ಕಂಪನಿಗಳು ಬ್ರಿಟನ್ನಿನ ಉತ್ತರ ಸಮುದ್ರದ ತಮ್ಮ ತೈಲ ವ್ಯವಹಾರವನ್ನು ಒಂದುಗೂಡಿಸಿವೆ. ಹಾಗೆ ಹುಟ್ಟಿದ ಅಡೂರಾ ಎಂಬ ಕಂಪನಿ 2025ರ ಡಿಸೆಂಬರ್ 1ರಿಂದ ಅಬರ್ಡೀನ್‌ನಲ್ಲಿ ಕೆಲಸ ಶುರು ಮಾಡಿದೆ. ಅದಕ್ಕೆ ಕೆಲವೇ ದಿನ ಮೊದಲು ಬ್ರಿಟನ್ ಸರ್ಕಾರ ಹೊಸ ಪ್ರದೇಶಗಳಲ್ಲಿ ತೈಲ ಹುಡುಕಲು ಪರವಾನಗಿ ಕೊಡುವುದಿಲ್ಲ ಎಂದಿತು. ಅದೇ ಉಸಿರಿನಲ್ಲಿ, ಈಗಿರುವ ಘಟಕಗಳ ಪಕ್ಕದ ನಿಕ್ಷೇಪಗಳನ್ನು ಅವುಗಳಿಗೆ ಜೋಡಿಸಿಕೊಳ್ಳಲು ಅವಕಾಶವಿದೆ ಎಂದೂ ಹೇಳಿತು. ಒಂದು ಕಡೆ ಬಾಗಿಲು ಮುಚ್ಚುವ ಮಾತು, ಇನ್ನೊಂದು ಕಡೆ ಹೊಸ ಕಂಪನಿ.

ಅಡೂರಾ ಪಾಲಿಗೆ ಬಂದ ಆಸ್ತಿಗಳಲ್ಲಿ ಉತ್ತರ ಸಮುದ್ರದ ಮ್ಯಾರಿನರ್ ಎಂಬ ತೈಲ ನಿಕ್ಷೇಪವೂ ಒಂದು. ಅದರ ಅಂಕಿಗಳು ಇನ್ನಷ್ಟು ಗೊಂದಲ ಹುಟ್ಟಿಸುತ್ತವೆ. 2019ರ ಆಗಸ್ಟ್‌ನಲ್ಲಿ ಉತ್ಪಾದನೆ ಶುರುವಾದಾಗ ಇಕ್ವಿನಾರ್ ಹೇಳಿದ್ದು: ಕೆಳಗಿರುವ ಎಣ್ಣೆ 200 ಕೋಟಿ ಬ್ಯಾರಲ್ ಎಂದುಕೊಂಡಿದ್ದೆವು, ಈಗ 300 ಕೋಟಿ ಎನ್ನಬಹುದು, ಮೇಲೆತ್ತಲು ಸಿಗುವುದು 25 ಕೋಟಿಯ ಬದಲು 30 ಕೋಟಿ. ಎರಡೂವರೆ ವರ್ಷವೂ ಆಗಿರಲಿಲ್ಲ, 2022ರ ಜನವರಿಯಲ್ಲಿ ಅದೇ ಕಂಪನಿ ಆ ಹೊತ್ತಿಗೆ 27.5 ಕೋಟಿಗೆ ಇಳಿದಿದ್ದ ಅಂದಾಜನ್ನು 18 ಕೋಟಿಗೆ ಕಡಿತ ಮಾಡಿ, ಲೆಕ್ಕಪುಸ್ತಕದಲ್ಲಿ 180 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಎಣ್ಣೆ ಎಲ್ಲಿಗೂ ಸೋರಿಹೋಗಿರಲಿಲ್ಲ. ನಿಕ್ಷೇಪ ಪತ್ತೆಯಾದದ್ದು 1981ರಲ್ಲಿ. ಹೂಡಿಕೆಯ ನಿರ್ಧಾರವಾದದ್ದು 2012ರ ಡಿಸೆಂಬರ್‌ನಲ್ಲಿ. ನಡುವಿನ ಮೂವತ್ತೊಂದು ವರ್ಷ ಪರೀಕ್ಷೆ ಮಾಡಿದ ಮೇಲೂ ಲೆಕ್ಕ ಇಷ್ಟು ಅಲುಗಾಡಿತೇಕೆ?

ಎರಡು ಅಂಕಿ, ಎರಡು ಅರ್ಥ

ತೈಲದ ಸುದ್ದಿಯಲ್ಲಿ ಎರಡು ಸಂಖ್ಯೆಗಳು ಸದಾ ಕಲಸಿಹೋಗುತ್ತವೆ. ಒಂದು, ಬಂಡೆಯ ರಂಧ್ರಗಳಲ್ಲಿ ಒಟ್ಟು ಎಷ್ಟು ಎಣ್ಣೆ ಕೂತಿದೆ ಎಂಬುದು. ಇನ್ನೊಂದು, ಅದರಲ್ಲಿ ಎಷ್ಟನ್ನು ಲಾಭ ಉಳಿಯುವಂತೆ ಮೇಲೆ ತರಬಹುದು ಎಂಬುದು. ಮೊದಲನೆಯದು ಭೂವಿಜ್ಞಾನದ ಅಂದಾಜು. ಎರಡನೆಯದರಲ್ಲಿ ಭೂವಿಜ್ಞಾನದ ಜೊತೆಗೆ ಯಂತ್ರ, ತೆರಿಗೆ, ಮಾರುಕಟ್ಟೆ ದರ ಎಲ್ಲವೂ ಸೇರಿಕೊಂಡಿರುತ್ತವೆ.

ನಾರ್ವೆಯ ಸಮುದ್ರ ನಿಕ್ಷೇಪಗಳಲ್ಲಿ ಸರಾಸರಿ ಶೇ 47ರಷ್ಟು ಎಣ್ಣೆ ಮೇಲೆ ಬರುತ್ತದೆ. ಮ್ಯಾರಿನರ್‌ನ 300 ಕೋಟಿಯಲ್ಲಿ 30 ಕೋಟಿ ಎಂದರೆ ಶೇ 10. 18 ಕೋಟಿ ಎಂದರೆ ಬರೀ ಶೇ 6. ಇಷ್ಟು ಸಣ್ಣ ಪಾಲನ್ನು ಅಂದಾಜು ಮಾಡುವಾಗ ಸ್ವಲ್ಪ ತಪ್ಪಿದರೂ ಏಟು ಜೋರು. ಶೇ 47 ಇರುವಲ್ಲಿ ನಾಲ್ಕು ಅಂಶ ಕಡಿಮೆಯಾದರೆ ಕಂಪನಿ ಸಹಿಸಿಕೊಳ್ಳುತ್ತದೆ. ಶೇ 10 ಇರುವಲ್ಲಿ ಅದೇ ನಾಲ್ಕು ಅಂಶ ಹೋದರೆ ಆದಾಯದ ಐದರಲ್ಲಿ ಎರಡು ಪಾಲೇ ಹೋದಂತೆ.

ಶೇಂಗಾ ಎಣ್ಣೆ ಮತ್ತು ಹರಳೆಣ್ಣೆ

ಕಚ್ಚಾ ತೈಲದ ಭಾರವನ್ನು ಎಪಿಐ ಡಿಗ್ರಿಯಲ್ಲಿ ಅಳೆಯುತ್ತಾರೆ. ಈ ಅಳತೆ ತಲೆಕೆಳಗು: ಅಂಕಿ ಕಡಿಮೆಯಾದಷ್ಟೂ ಎಣ್ಣೆ ಭಾರ. 10 ಡಿಗ್ರಿ ಎಂದರೆ ನೀರಿನಷ್ಟೇ ಭಾರ. ಮ್ಯಾರಿನರ್‌ನಲ್ಲಿ ಒಂದರ ಮೇಲೊಂದು ಎರಡು ಮರಳುಗಲ್ಲಿನ ಪದರಗಳಿವೆ. ಸುಮಾರು 1,500 ಮೀಟರ್ ಆಳದ ಮೌರೀನ್ ಪದರದ ಎಣ್ಣೆ 14.2 ಡಿಗ್ರಿ, ಸುಮಾರು 1,200 ಮೀಟರ್ ಆಳದ ಹೇಮ್ಡಾಲ್ ಪದರದ್ದು 12.1 ಡಿಗ್ರಿ. ಎರಡೂ ನೀರಿಗಿಂತ ಶೇ 1.5ರಿಂದ 3ರಷ್ಟು ಮಾತ್ರ ಹಗುರ.

ಆದರೆ ಬಾವಿಯ ಹಣೆಬರಹ ಬರೆಯುವುದು ಭಾರಕ್ಕಿಂತ ಹೆಚ್ಚಾಗಿ ಸ್ನಿಗ್ಧತೆ, ಅಂದರೆ ದ್ರವದ ಮಂದತನ. ಅದನ್ನು ಸೆಂಟಿಪಾಯ್ಸ್‌ನಲ್ಲಿ ಅಳೆಯುತ್ತಾರೆ. ನೀರು 1. ನೆಲದಾಳದ ಬಿಸಿಯಲ್ಲಿ ಮೌರೀನ್ ಎಣ್ಣೆ 67, ನಮ್ಮ ಅಡುಗೆಮನೆಯ ಶೇಂಗಾ ಎಣ್ಣೆಯ ಆಸುಪಾಸು. ಹೇಮ್ಡಾಲ್‌ನದು 508, ಹೆಚ್ಚುಕಡಿಮೆ ಹರಳೆಣ್ಣೆ. ಅದೇ ಸಮುದ್ರದ ಬೆಂಟ್ಲಿ ನಿಕ್ಷೇಪದ್ದು 1,500ರ ಹತ್ತಿರ; ಅದನ್ನು ಜೋನಿಬೆಲ್ಲದ ಜಾತಿಗೆ ಸೇರಿಸಬೇಕು. ಒದ್ದೆ ಮರಳಿನ ಮೂಲಕ ಶೇಂಗಾ ಎಣ್ಣೆ ಹರಿಸುವುದಕ್ಕೂ ಹರಳೆಣ್ಣೆ ಹರಿಸುವುದಕ್ಕೂ ಇರುವ ವ್ಯತ್ಯಾಸವೇ ಮ್ಯಾರಿನರ್‌ನ ಎರಡು ಪದರಗಳ ನಡುವಿನ ವ್ಯತ್ಯಾಸ. ಒಂದೇ ಒತ್ತಡ, ಒಂದೇ ಮರಳು ಎಂದುಕೊಂಡರೆ ಎರಡನೆಯ ಬಾವಿಯಲ್ಲಿ ಹರಿವು ಏಳೂವರೆ ಪಟ್ಟು ಕಡಿಮೆ.

ನೆಲದ ಮೇಲಾಗಿದ್ದರೆ ಉಗಿ ಹಾಯಿಸಿ ಎಣ್ಣೆಯನ್ನು ತೆಳುಗೊಳಿಸಬಹುದಿತ್ತು. ರಾಜಸ್ಥಾನದ ಬಾಘೇವಾಲಾದಲ್ಲಿ ಆಯಿಲ್ ಇಂಡಿಯಾ ಮಾಡುತ್ತಿರುವುದು ಅದನ್ನೇ. ನಡುಸಮುದ್ರದಲ್ಲಿ ಬಾಯ್ಲರ್‌ಗೆ ಬೇಕಾದ ಶುದ್ಧ ನೀರು, ಇಂಧನ, ಜಾಗ ಮೂರೂ ದುಬಾರಿ. ನೂರಾರು ಬಾವಿಗಳನ್ನು ಹತ್ತಿರ ಹತ್ತಿರ ಕೊರೆಯುವುದೂ ಆಗದ ಮಾತು. ಹಾಗಾಗಿ ಕಡಲಿನಲ್ಲಿ ಈ ಎಣ್ಣೆಯನ್ನು ಇದ್ದ ಬಿಸಿಯಲ್ಲೇ ಎಳೆಯಬೇಕು.

ಸದ್ದಿನಲ್ಲಿ ನೀರೂ ಎಣ್ಣೆಯೂ ಒಂದೇ

ಸಮುದ್ರದ ತಳದಡಿ ಏನಿದೆ ಎಂದು ನೋಡುವ ಮುಖ್ಯ ದಾರಿ ಸೈಸ್ಮಿಕ್ ಸರ್ವೆ. ಹಡಗಿನಿಂದ ಸದ್ದಿನ ಅಲೆ ಬಿಟ್ಟು, ಕೆಳಗಿನ ಪದರಗಳಿಂದ ಮರಳುವ ಪ್ರತಿಧ್ವನಿಯನ್ನು ಹಿಡಿದು ಚಿತ್ರ ಕಟ್ಟುತ್ತಾರೆ. ಪದರದಿಂದ ಪದರಕ್ಕೆ ಸಾಂದ್ರತೆಯೋ ಅಲೆಯ ವೇಗವೋ ಸಾಕಷ್ಟು ಬದಲಾದರೆ ಮಾತ್ರ ಪ್ರತಿಧ್ವನಿ ಸ್ಪಷ್ಟ. ಅನಿಲ ತುಂಬಿದ ಮರಳು, ಹಗುರ ಎಣ್ಣೆ ತುಂಬಿದ ಮರಳು ಎದ್ದು ಕಾಣುತ್ತವೆ. ಭಾರ ತೈಲಕ್ಕೂ ಉಪ್ಪುನೀರಿಗೂ ಸದ್ದಿನ ಲೆಕ್ಕದಲ್ಲಿ ಅಂತರ ಬಹಳ ಕಡಿಮೆ. ಆದ್ದರಿಂದ ಎಣ್ಣೆ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಚಿತ್ರದಲ್ಲಿ ಮಸುಕು.

ಹೇಮ್ಡಾಲ್‌ನಲ್ಲಿ ಇನ್ನೂ ಒಂದು ಕಗ್ಗಂಟಿದೆ. ಈ ಮರಳು ಹಾಸಿಗೆಯಂತೆ ಸಮವಾಗಿ ಹರಡಿಕೊಂಡಿಲ್ಲ. ಹಳೆಯ ಕಾಲುವೆಗಳ ಮರಳು ಆಮೇಲೆ ಒತ್ತಡಕ್ಕೆ ಸಿಕ್ಕಿ ಸುತ್ತಲಿನ ಜೇಡಿಶಿಲೆಯೊಳಗೆ ಓರೆಕೋರೆಯಾಗಿ ನುಗ್ಗಿದೆ. ಇಷ್ಟು ಕಡಿಮೆ ಆಳದಲ್ಲಿ ಮರಳಿಗೂ ಜೇಡಿಗೂ ಪ್ರತಿಧ್ವನಿಯ ವ್ಯತ್ಯಾಸ ಹೆಚ್ಚಿರುವುದಿಲ್ಲ. ಎರಡು ಬಾವಿಗಳಲ್ಲಿ ದಪ್ಪ ಮರಳು ಸಿಕ್ಕಿದರೆ ನಡುವೆಯೂ ಇರಬೇಕು ಎಂದು ನಕ್ಷೆ ಬರೆಯುತ್ತಾರೆ. ಮೂರನೆಯ ಬಾವಿ ಕೊರೆದಾಗ ಅಲ್ಲಿ ಜೇಡಿ. ಎಣ್ಣೆ ಒಟ್ಟಾರೆ ಅಷ್ಟೇ ಇರಬಹುದು. ಆದರೆ ತುಂಡು ತುಂಡಾಗಿ, ಒಂದಕ್ಕೊಂದು ಸಂಪರ್ಕವಿಲ್ಲದೆ ಇದ್ದರೆ ಒಂದು ಬಾವಿ ಎಳೆಯುವ ಪಾಲು ಕುಗ್ಗುತ್ತದೆ. 2022ರ ಕಡಿತಕ್ಕೆ ಕಂಪನಿ ಕೊಟ್ಟ ಕಾರಣವೂ ಇದೇ ಧಾಟಿಯದು: ಸೈಸ್ಮಿಕ್ ಮಾಹಿತಿಯ ಹೊಸ ಓದು ಮತ್ತು ಉತ್ಪಾದನೆಯ ಅನುಭವ.

ಮಾದರಿಯೇ ಸುಳ್ಳು ಹೇಳಿದಾಗ

ಪರೀಕ್ಷಾ ಬಾವಿ ಕೊರೆದ ಮೇಲೆ ಎಣ್ಣೆಯ ಮಾದರಿ ಬೇಕು. ಇಲ್ಲಿ ಆಗುವ ತಪ್ಪು ಚಿಕ್ಕದು, ಪರಿಣಾಮ ದೊಡ್ಡದು. ಕೊರೆಯುವಾಗ ಬಳಸುವ ಕೆಸರು ಎಣ್ಣೆ ಆಧಾರಿತವಾಗಿದ್ದರೆ ಅದರ ತೆಳು ಎಣ್ಣೆ ಬಾವಿಯ ಗೋಡೆಯೊಳಗೆ ಇಂಗಿರುತ್ತದೆ. ಮಾದರಿ ಎಳೆಯುವ ಉಪಕರಣಕ್ಕೆ ಮೊದಲು ಬರುವುದು ಈ ಬೆರಕೆಯೇ. 500 ಸೆಂಟಿಪಾಯ್ಸ್ ಎಣ್ಣೆಗೆ ಶೇ 10ರಷ್ಟು ತೆಳು ಎಣ್ಣೆ ಬೆರೆತರೆ ಅಳತೆ 300ರ ಸುತ್ತ ಬಂದು ನಿಲ್ಲುತ್ತದೆ. ಅದನ್ನೇ ನಂಬಿದರೆ ಬಾವಿಯ ಹರಿವನ್ನು ಮೂರರಲ್ಲಿ ಎರಡು ಪಾಲು ಹೆಚ್ಚಾಗಿ ಎಣಿಸಿದಂತೆ. ಸ್ವಚ್ಛ ಮಾದರಿ ಬರುವವರೆಗೆ ಗಂಟೆಗಟ್ಟಲೆ ಪಂಪ್ ಮಾಡಬೇಕು. ಅವಸರ ಮಾಡಿ ಜೋರಾಗಿ ಎಳೆದರೆ ಸಡಿಲ ಮರಳು ಕುಸಿದು ಉಪಕರಣವನ್ನೇ ಕಟ್ಟಿಹಾಕುತ್ತದೆ. ರಿಗ್ಗಿನ ದಿನದ ಬಾಡಿಗೆ ಲಕ್ಷಾಂತರ ಡಾಲರ್ ಇರುವಲ್ಲಿ "ಇನ್ನೊಂದು ಆರು ಗಂಟೆ ಕೊಡಿ" ಎಂದು ಕೇಳುವುದು ಸುಲಭವಲ್ಲ.

ಬಂಡೆಯ ಮಾದರಿಯದೂ ಇದೇ ಪಾಡು. ಈ ಮರಳಿಗೆ ಅಂಟಿಲ್ಲ. ಎಣ್ಣೆಯೇ ಅದನ್ನು ಹಿಡಿದಿಟ್ಟಿರುತ್ತದೆ. ಮೇಲೆ ತರುವಾಗ ಒತ್ತಡ ಇಳಿದು ಎಣ್ಣೆಯೊಳಗಿನ ಅನಿಲ ಉಬ್ಬಿದರೆ ಮರಳಿನ ಕಂಬವೇ ಸಡಿಲವಾಗುತ್ತದೆ. ಅದಕ್ಕೇ ನಿಧಾನವಾಗಿ ಎತ್ತಿ, ಕೊಳವೆ ಸಮೇತ ಹೆಪ್ಪುಗಟ್ಟಿಸಿ ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. ಸಡಿಲಗೊಂಡ ಮರಳಿನಲ್ಲಿ ಅಳೆದ ರಂಧ್ರದ ಪಾಲು ನಿಜಕ್ಕಿಂತ ಹೆಚ್ಚು ತೋರುತ್ತದೆ. ಒಟ್ಟು ಎಣ್ಣೆಯ ಲೆಕ್ಕವೂ ಅದರ ಜೊತೆಗೆ ಉಬ್ಬುತ್ತದೆ.

ಬೆಂಟ್ಲಿಯ 68 ದಿನ

ಬಾವಿಯನ್ನು ಹರಿಸಿ ನೋಡುವುದು ಕೊನೆಯ ಪರೀಕ್ಷೆ. ಸಮುದ್ರತಳದ ನೀರು ನಾಲ್ಕಾರು ಡಿಗ್ರಿ ಸೆಲ್ಸಿಯಸ್ ಇರುವಾಗ, ಕೊಳವೆಯೊಳಗೆ ನಿಂತ ಭಾರ ತೈಲ ಡಾಂಬರಿನಂತೆ ಬಿಗಿಯುತ್ತದೆ. ಆದ್ದರಿಂದ ಪರೀಕ್ಷೆಗೂ ವಿದ್ಯುತ್ ಪಂಪನ್ನು ಬಾವಿಯೊಳಗೆ ಇಳಿಸಬೇಕು, ಡೀಸೆಲ್ ಬೆರೆಸಬೇಕು, ನಿಲ್ಲಿಸಿದರೆ ಕೊಳವೆಯನ್ನು ತೊಳೆದಿಡಬೇಕು.

1977ರಲ್ಲಿ ಪತ್ತೆಯಾದ ಬೆಂಟ್ಲಿ ನಿಕ್ಷೇಪವನ್ನು ದಶಕಗಳ ಕಾಲ ಯಾರೂ ಉತ್ಪಾದನೆಗೆ ತರಲಿಲ್ಲ. ಎಕ್ಸೈಟ್ ಎನರ್ಜಿ ಎಂಬ ಸಣ್ಣ ಕಂಪನಿ ಅಡ್ಡಬಾವಿ ಕೊರೆದು 2012ರಲ್ಲಿ 68 ದಿನ ಹರಿಸಿತು. ಸುಮಾರು 1.49 ಲಕ್ಷ ಬ್ಯಾರಲ್ ಬಂತು. ಆ ಎಣ್ಣೆಯ ಸ್ವಭಾವಕ್ಕೆ ಅದು ಸಣ್ಣ ಸಾಧನೆಯೇನಲ್ಲ; ಅಡ್ಡಬಾವಿಯಲ್ಲಿ ಇಂಥ ಎಣ್ಣೆಯೂ ಹರಿಯುತ್ತದೆ ಎಂದು ಸಾಬೀತಾಯಿತು. 25 ಕೋಟಿ ಬ್ಯಾರಲ್‌ಗೂ ಹೆಚ್ಚು ತೆಗೆಯಬಹುದು ಎಂದು ಕಂಪನಿ ಘೋಷಿಸಿತು. ಆದರೆ ಅದನ್ನು ತೆಗೆಯುವ ಘಟಕ ಕಟ್ಟಲು ದುಡ್ಡು ಹಾಕುವ ಪಾಲುದಾರ ಸಿಗಲಿಲ್ಲ. 2014ರ ಕೊನೆಯಲ್ಲಿ ತೈಲದರ ಬಿತ್ತು. 2016ರಲ್ಲಿ ಸಾಲಪತ್ರ ತೀರಿಸಲಾಗದೆ ಕಂಪನಿ ಮುಚ್ಚಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರ ಕಥೆ ಎಂದು ಆಡಿಕೊಳ್ಳುವವರಿದ್ದಾರೆ. ಅದು ಅನ್ಯಾಯದ ಮಾತು. ಅವರ ಪರೀಕ್ಷೆ ಸರಿಯಿತ್ತು. ಅದು ಉತ್ತರಿಸಿದ ಪ್ರಶ್ನೆಯೇ ಬೇರೆ. 68 ದಿನದ ಪರೀಕ್ಷೆ ಹರಿವನ್ನು ತೋರಿಸುತ್ತದೆ. ಐದನೆಯ ವರ್ಷ ಎಷ್ಟು ನೀರು ಬರುತ್ತದೆ ಎಂದು ತೋರಿಸಲಾರದು.

ನೀರು ಓಡುತ್ತದೆ, ಎಣ್ಣೆ ತೆವಳುತ್ತದೆ

ಎಲ್ಲ ಲೆಕ್ಕ ತಪ್ಪಿಸುವುದು ಈ ನೀರೇ. ಎಣ್ಣೆಯ ಪದರದ ಕೆಳಗೆ ಉಪ್ಪುನೀರಿರುತ್ತದೆ. ಒತ್ತಡ ಕಾಯಲು ಮೇಲಿನಿಂದಲೂ ನೀರು ತುಂಬುತ್ತಾರೆ. ನೆಲದಾಳದ ಬಿಸಿಯಲ್ಲಿ ಈ ನೀರು ಮೌರೀನ್ ಎಣ್ಣೆಗಿಂತ ಸುಮಾರು 100 ಪಟ್ಟು, ಹೇಮ್ಡಾಲ್ ಎಣ್ಣೆಗಿಂತ 700-800 ಪಟ್ಟು ತೆಳು. ಬಾವಿ ಎಳೆಯತೊಡಗಿದರೆ ಸಲೀಸಾಗಿ ಬರುವುದು ಯಾವುದು ಎಂದು ಹೇಳಬೇಕಿಲ್ಲ. ನೀರು ಎಣ್ಣೆಯನ್ನು ಮುಂದೆ ತಳ್ಳುವ ಬದಲು ಅದರ ನಡುವೆ ಬೆರಳು ಬೆರಳಾಗಿ ತೂರಿ ಬಾವಿಯ ಬಾಯಿಗೆ ಬಂದು ಸೇರುತ್ತದೆ. ಒಮ್ಮೆ ದಾರಿ ಮಾಡಿಕೊಂಡರೆ ಮುಂದೆ ಅದೇ ದಾರಿ.

ದಿನಕ್ಕೆ 10,000 ಬ್ಯಾರಲ್ ದ್ರವ ಎತ್ತುವ ಒಂದು ಬಾವಿಯನ್ನು ಉದಾಹರಣೆಗೆ ನೋಡಿ. ನೀರಿನ ಪಾಲು ಶೇ 50 ಇದ್ದಾಗ ಎಣ್ಣೆ 5,000 ಬ್ಯಾರಲ್. ಶೇ 90 ಆದಾಗ 1,000. ಶೇ 95 ಆದಾಗ 500. ಪಂಪಿನ ಕರೆಂಟು, ಕಾಯಿಸುವ ಖರ್ಚು, ನೀರು ಶುದ್ಧಿ ಮಾಡುವ ಖರ್ಚು ಮಾತ್ರ 10,000 ಬ್ಯಾರಲ್‌ನದೇ. ಭಾರ ತೈಲದ ಬಹುಪಾಲು ಎಣ್ಣೆ ಬರುವುದು ಶೇ 80 ದಾಟಿದ ಮೇಲೆ, ದಶಕಗಳ ಕಾಲ, ಈ ಕಿರಿದಾದ ಅಂಚಿನಲ್ಲಿ. ನೀರು ಅಂದುಕೊಂಡದ್ದಕ್ಕಿಂತ ಎರಡು ವರ್ಷ ಮೊದಲೇ ಬಂದರೆ ಆ ಉದ್ದ ಬಾಲವೇ ಕತ್ತರಿಸಿಹೋಗುತ್ತದೆ.

ಇದಕ್ಕೆ ಮದ್ದು ಇಲ್ಲವೆಂದಲ್ಲ. ಒಂದೆರಡು ಕಿಲೋಮೀಟರ್ ಉದ್ದದ ಅಡ್ಡಬಾವಿ ಕೊರೆದರೆ ಒತ್ತಡ ಉದ್ದಕ್ಕೂ ಹಂಚಿಹೋಗಿ ನೀರು ಒಂದೇ ಕಡೆ ಮೇಲೇಳುವುದು ತಡವಾಗುತ್ತದೆ. ಮರಳು ತಡೆಯುವ ಜಾಲರಿಯ ಜೊತೆ, ತೆಳು ದ್ರವ ನುಗ್ಗಿದಾಗ ತಾನೇ ಕಿರಿದಾಗುವ ಸಣ್ಣ ವಾಲ್ವ್‌ಗಳನ್ನು ಕೂರಿಸುತ್ತಾರೆ. 1977ರಲ್ಲೇ ಪತ್ತೆಯಾಗಿ 1997ರಲ್ಲಿ ಉತ್ಪಾದನೆಗೆ ಬಂದ ಕ್ಯಾಪ್ಟನ್ ನಿಕ್ಷೇಪದಲ್ಲಿ ಮೂರನೆಯ ಉಪಾಯವೂ ನಡೆಯುತ್ತಿದೆ: ತಳ್ಳುವ ನೀರಿಗೆ ಪಾಲಿಮರ್ ಕಲಸಿ ಗಂಜಿಯಂತೆ ಮಂದ ಮಾಡುವುದು. ಆಗ ನೀರಿನ ಓಟ ತಗ್ಗಿ ಎಣ್ಣೆಯನ್ನು ತಳ್ಳುವ ಬಲ ಬರುತ್ತದೆ. ಆದರೆ ಕ್ಯಾಪ್ಟನ್ ಎಣ್ಣೆ 20 ಡಿಗ್ರಿಯ ಆಸುಪಾಸಿನದು, ಹೇಮ್ಡಾಲ್‌ಗಿಂತ ಎಷ್ಟೋ ಪಾಲು ತೆಳು. ಹರಳೆಣ್ಣೆಯನ್ನು ತಳ್ಳಲು ಗಂಜಿಯನ್ನು ಎಷ್ಟು ಮಂದ ಮಾಡಬೇಕೋ ಅಷ್ಟು ಮಂದ ಮಾಡಿದರೆ ಅದನ್ನು ಬಾವಿಯೊಳಗೆ ತುಂಬುವುದೇ ಕಷ್ಟ.

ಪಂಪು, ಬಿಸಿ, ಕರೆಂಟು

ಮ್ಯಾರಿನರ್ ಪ್ಲಾಟ್‌ಫಾರ್ಮ್ ಶೆಟ್‌ಲ್ಯಾಂಡ್‌ನಿಂದ ಸುಮಾರು 150 ಕಿ.ಮೀ. ದೂರ, 110 ಮೀಟರ್ ನೀರಿನಲ್ಲಿ ನಿಂತಿದೆ. ಮೇಲಿನ ಭಾಗವೇ ಸುಮಾರು 38,000 ಟನ್; ದಕ್ಷಿಣ ಕೊರಿಯಾದಲ್ಲಿ ಕಟ್ಟಿ ತಂದದ್ದು. ಪಕ್ಕದಲ್ಲಿ 8.5 ಲಕ್ಷ ಬ್ಯಾರಲ್ ಹಿಡಿಯುವ ಸಂಗ್ರಹಣಾ ಹಡಗು. ಇಷ್ಟು ದೊಡ್ಡದೇಕೆ ಎಂದರೆ ಎಣ್ಣೆಯ ಸ್ವಭಾವವೇ ಕಾರಣ.

ಈ ಎಣ್ಣೆ ತಾನಾಗಿ ಚಿಮ್ಮುವುದಿಲ್ಲ, ಪ್ರತಿ ಬಾವಿಗೂ ಒಳಪಂಪು ಬೇಕು. ನಮ್ಮ ಕೊಳವೆಬಾವಿಯ ಸಬ್‌ಮರ್ಸಿಬಲ್ ಪಂಪಿನ ದೊಡ್ಡಣ್ಣ ಅದು. ಸುತ್ತ ಹರಿಯುವ ದ್ರವವೇ ಮೋಟರನ್ನು ತಂಪಾಗಿಡಬೇಕು. ಮಂದ ಎಣ್ಣೆ ಬಿಸಿಯನ್ನು ಬೇಗ ಒಯ್ಯುವುದಿಲ್ಲ. ನೀರಿನ ಪಾಲು ಏರುವಾಗ ನಡುವೆ ಒಂದು ಹಂತದಲ್ಲಿ ನೀರೂ ಎಣ್ಣೆಯೂ ಕಡೆದ ಬೆಣ್ಣೆಯಂತೆ ಕಲಸಿಕೊಂಡು, ಎಣ್ಣೆಗಿಂತಲೂ ಹಲವು ಪಟ್ಟು ಮಂದವಾಗುತ್ತವೆ. ಆಗ ಪಂಪು ಒದ್ದಾಡುತ್ತದೆ. ಮರಳು ಸವೆಸುತ್ತದೆ. ಕೆಲವೇ ವರ್ಷಕ್ಕೊಮ್ಮೆ ಪಂಪನ್ನು ಎತ್ತಿ ಬದಲಿಸಲೇಬೇಕು. ಕೊರೆಯುವ ರಿಗ್ಗನ್ನೇ ಅದಕ್ಕೆ ಕಟ್ಟಿಹಾಕಿದರೆ ಹೊಸ ಬಾವಿ ಕೊರೆಯುವವರಾರು? ಅದಕ್ಕೇ ಮ್ಯಾರಿನರ್‌ನಲ್ಲಿ ರಿಪೇರಿಗೆಂದೇ ಇನ್ನೊಂದು ಪ್ರತ್ಯೇಕ ಘಟಕವಿದೆ. ಅದೇ ಸಮುದ್ರದಲ್ಲಿ 2017ರಲ್ಲಿ ಶುರುವಾದ ಕ್ರಾಕೆನ್ ಎಂಬ ಭಾರ ತೈಲದ ನಿಕ್ಷೇಪದಲ್ಲಿ ವಿದ್ಯುತ್ತಿನ ಬದಲು ಒತ್ತಡದ ನೀರಿನಿಂದ ತಿರುಗುವ ಪಂಪುಗಳಿವೆ. ಆ ನೀರಿಗೆ ಒತ್ತಡ ಕೊಡುವ ವ್ಯವಸ್ಥೆಯ ಟ್ರಾನ್ಸ್‌ಫಾರ್ಮರ್‌ಗಳು 2023ರ ಮೇ ತಿಂಗಳಲ್ಲಿ ಕೆಟ್ಟಾಗ ಇಡೀ ನಿಕ್ಷೇಪದ ಉತ್ಪಾದನೆಗೇ ಪೆಟ್ಟು ಬಿತ್ತು.

ಮೇಲೆ ಬಂದ ಮೇಲೆ ನೀರನ್ನು ಬೇರ್ಪಡಿಸಬೇಕು. ಹಗುರ ಎಣ್ಣೆ ತೊಟ್ಟಿಯಲ್ಲಿ ಕೆಲವು ನಿಮಿಷ ನಿಂತರೆ ಸಾಕು, ತಾನೇ ಮೇಲೇರುತ್ತದೆ. ಇಲ್ಲಿ ಎರಡರ ಭಾರದ ಅಂತರ ಐದನೇ ಒಂದು ಪಾಲು, ಮಂದತನ ನೂರು ಪಟ್ಟು ಎಂದಿಟ್ಟುಕೊಂಡರೆ ಹನಿ ಬೇರ್ಪಡುವ ವೇಗ 500 ಪಟ್ಟು ಕಡಿಮೆ. ಕಾಯಿಸಬೇಕು, ರಾಸಾಯನಿಕ ಹಾಕಬೇಕು, ದೊಡ್ಡ ತೊಟ್ಟಿ ಬೇಕು, ತೆಳುಗೊಳಿಸಲು ಹಗುರ ಎಣ್ಣೆಯನ್ನು ಹಡಗಿನಲ್ಲಿ ತರಿಸಿ ಬೆರೆಸಬೇಕು. ಇದೆಲ್ಲಕ್ಕೂ ಶಕ್ತಿ ಎಲ್ಲಿಂದ? ಸಾಮಾನ್ಯ ನಿಕ್ಷೇಪದಲ್ಲಿ ಎಣ್ಣೆಯ ಜೊತೆ ಬರುವ ಅನಿಲದಿಂದ. ಭಾರ ತೈಲದಲ್ಲಿ ಅನಿಲ ಅತಿ ಕಡಿಮೆ. ಮ್ಯಾರಿನರ್ ಅನಿಲವನ್ನು ಕೊಳವೆಮಾರ್ಗದಿಂದ ತರಿಸಿಕೊಳ್ಳುತ್ತದೆ.

ಯಾರ ವಾದ ಏನು

ಕಂಪನಿಗಳು ಹೇಳುವುದು: ಘಟಕ ಕಟ್ಟಿಯಾಗಿದೆ, ದುಡ್ಡು ಹೋಗಿಯಾಗಿದೆ, ಇನ್ನು ಪ್ರತಿ ಹೊಸ ಬಾವಿಯ ಎಣ್ಣೆ ಅಗ್ಗ. ಅದಕ್ಕೆ ಅಡ್ಡಿ ತೆರಿಗೆ. 2022ರಲ್ಲಿ ಬಂದ ಹೆಚ್ಚುವರಿ ಲಾಭದ ತೆರಿಗೆ 2024ರ ನವೆಂಬರ್‌ನಲ್ಲಿ ಶೇ 38ಕ್ಕೆ ಏರಿ, ಒಟ್ಟು ದರ ಶೇ 78 ಆಗಿದೆ. ಅಂಚು ಕಿರಿದಾದ ಭಾರ ತೈಲದ ಬಾವಿಗಳು ಮೊದಲು ಬಲಿಯಾಗುತ್ತವೆ ಎಂಬ ಅವರ ಮಾತಿನಲ್ಲಿ ಹುರುಳಿದೆ. ಆದರೆ ಮ್ಯಾರಿನರ್ ಅಂದಾಜು ಕುಸಿದದ್ದು ಈ ತೆರಿಗೆ ಬರುವ ಮೊದಲು ಎಂಬುದನ್ನು ಅವರು ಹೇಳುವುದು ಕಡಿಮೆ.

ಪರಿಸರವಾದಿಗಳ ಆಕ್ಷೇಪ, ಒಂದು ಬ್ಯಾರಲ್ ತೆಗೆಯಲು ಇಷ್ಟು ಶಕ್ತಿ ಸುಡುವ ಎಣ್ಣೆಯನ್ನು ಮೊದಲು ಬಿಡಬೇಕು ಎಂದು. ಅಂತಿಮವಾಗಿ ಸುಡುವ ಎಣ್ಣೆಯ ಹೊಗೆಯನ್ನೂ ಯೋಜನೆಯ ಪರಿಸರ ವರದಿಯಲ್ಲಿ ಎಣಿಸಬೇಕು ಎಂದು 2024ರ ಜೂನ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಅವರ ಕೈ ಬಲವಾಗಿದೆ. ಈಗಿರುವ ಘಟಕಕ್ಕೆ ಜೋಡಿಸುವುದಕ್ಕೆ ಸರ್ಕಾರ ಅನುಮತಿ ಕೊಡುತ್ತಿರುವುದು ಈ ಎರಡರ ನಡುವಿನ ದಾರಿ: ಹೊಸ ಉಕ್ಕು ಬೇಡ, ಹಳೆಯ ಉಕ್ಕು ಖಾಲಿ ಕೂರುವುದೂ ಬೇಡ. ಭಾರ ತೈಲಕ್ಕೆ ಈ ದಾರಿ ಸಲೀಸಲ್ಲ. ಹತ್ತಾರು ಕಿಲೋಮೀಟರ್ ತಣ್ಣನೆಯ ಸಮುದ್ರತಳದಲ್ಲಿ ಈ ಎಣ್ಣೆಯನ್ನು ಕೊಳವೆಯಲ್ಲಿ ಸಾಗಿಸುವುದು ಹಗುರ ಎಣ್ಣೆ ಸಾಗಿಸಿದಂತಲ್ಲ. ಅಲ್ಲಿನ ಇನ್ನೊಂದು ಭಾರ ತೈಲದ ನಿಕ್ಷೇಪವಾದ ಬ್ರೆಸ್ಸೆ, ಹಾಗೂ ಬೆಂಟ್ಲಿ, ಎರಡೂ ಈಗ ಕ್ರಾಕೆನ್ ನಡೆಸುವ ಎನ್‌ಕ್ವೆಸ್ಟ್ ಕಂಪನಿಯ ಕೈಸೇರಿವೆ. ಬ್ರೆಸ್ಸೆಯಿಂದ ಮೊದಲು ಅನಿಲವನ್ನು ಮಾತ್ರ ತಂದು ಕ್ರಾಕೆನ್‌ನ ಇಂಧನಕ್ಕೆ ಬಳಸುವ ಆಲೋಚನೆ ಬಂದದ್ದೂ ಅದಕ್ಕೇ.

ಮಂಗಳೂರಿಗೂ ಒಂದು ಎಳೆ

ಭಾರತಕ್ಕೆ ಇದು ದೂರದ ಸುದ್ದಿ ಎನಿಸಬಹುದು. ಆದರೆ ಬ್ರೆಜಿಲ್ ಕಡಲಿನ ಬಿಸಿ-10 ಎಂಬ ಭಾರ ತೈಲದ ಬ್ಲಾಕಿನಲ್ಲಿ ಒಎನ್‌ಜಿಸಿ ವಿದೇಶ್‌ಗೆ ಶೇ 27 ಪಾಲಿದೆ. ಅಲ್ಲಿ ಸಾವಿರಾರು ಅಡಿ ಆಳದ ಸಮುದ್ರತಳದಲ್ಲೇ ಅನಿಲ ಬೇರ್ಪಡಿಸಿ ಎಣ್ಣೆಯನ್ನು ಪಂಪ್ ಮಾಡುತ್ತಾರೆ. ಅದೇ ಒಎನ್‌ಜಿಸಿ ಕುಟುಂಬದ ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರ ವರ್ಷಕ್ಕೆ 1.5 ಕೋಟಿ ಟನ್ ಸಾಮರ್ಥ್ಯದ್ದು. ಮೂರನೇ ಹಂತದ ವಿಸ್ತರಣೆಯಲ್ಲಿ ಅಲ್ಲಿ ಕೋಕರ್ ಘಟಕ ಬಂದಿದೆ. ಭಾರ ತೈಲದ ತಳದಲ್ಲಿ ಉಳಿಯುವ ಜಿಗುಟನ್ನು ಒಡೆದು ಡೀಸೆಲ್, ನಾಫ್ತಾ, ಪೆಟ್‌ಕೋಕ್ ಮಾಡುವ ಘಟಕ ಅದು. ಇಂಥ ಘಟಕವಿಲ್ಲದ ಸಂಸ್ಕರಣಾಗಾರ ಭಾರ ತೈಲವನ್ನು ಕೊಳ್ಳುವುದು ಕಡಿಮೆ. ಇದ್ದವರು ಮಾರುಕಟ್ಟೆಯ ಮಾನದಂಡವಾದ ಬ್ರೆಂಟ್ ತೈಲದ ದರಕ್ಕಿಂತ ಇಳಿಸಿ ಕೇಳುತ್ತಾರೆ. ಆಮ್ಲದ ಅಂಶ ಹೆಚ್ಚಿದ್ದರೆ ಕೊಳವೆಗಳ ಸವೆತದ ಲೆಕ್ಕ ಹಿಡಿದು ಇನ್ನೂ ಇಳಿಸುತ್ತಾರೆ. ನಿಕ್ಷೇಪದ ಮಾಲೀಕನಿಗೆ ನಷ್ಟವಾದ ಆ ರಿಯಾಯಿತಿಯೇ ಸಂಸ್ಕರಣಾಗಾರದ ಲಾಭ.

ಮುಂದೇನಾಗಬಹುದು

ಇಂಥ ನಿಕ್ಷೇಪಗಳು ದೊಡ್ಡ ಕಂಪನಿಗಳ ಕೈಯಿಂದ ಜಾರುತ್ತಿವೆ. ಬ್ರೆಜಿಲ್ ಕಡಲಿನ, 14 ಡಿಗ್ರಿ ಎಣ್ಣೆಯ ಪೆರೆಗ್ರಿನೊ ನಿಕ್ಷೇಪದ ತನ್ನ ಶೇ 60 ಪಾಲನ್ನು 350 ಕೋಟಿ ಡಾಲರ್‌ವರೆಗಿನ ಬೆಲೆಗೆ ಬ್ರೆಜಿಲ್‌ನ ಪ್ರಿಯೊ ಕಂಪನಿಗೆ ಮಾರುವುದಾಗಿ ಇಕ್ವಿನಾರ್ 2025ರ ಮೇ ತಿಂಗಳಲ್ಲಿ ಘೋಷಿಸಿತು. ಹಳೆಯ ನಿಕ್ಷೇಪದ ಖರ್ಚನ್ನು ಹಿಂಡಿ ಹಿಂಡಿ ಇಳಿಸುವುದೇ ಅಂಥ ಕೊಳ್ಳುವವರ ಕಸುಬು. ನೀರಿನ ಪಾಲು ಶೇ 95 ಇದ್ದರೂ ಅವರಿಗೆ ಗಿಟ್ಟಬಹುದು. ದೊಡ್ಡ ಕಂಪನಿಗೆ ಗಿಟ್ಟದು.

ಅಡೂರಾ ಮುಂದಿರುವ ಪ್ರಶ್ನೆ ಹೇಮ್ಡಾಲ್‌ನದು. ಮೌರೀನ್‌ನ ಶೇಂಗಾ ಎಣ್ಣೆ ಮೊದಲು ಖಾಲಿಯಾಗುತ್ತದೆ. ಉಳಿದ ದೊಡ್ಡ ಪಾಲು ಚದುರಿದ ಮರಳಿನೊಳಗಿನ ಹರಳೆಣ್ಣೆ. ಪ್ಲಾಟ್‌ಫಾರ್ಮ್‌ನಲ್ಲಿ 50 ಬಾವಿಗಳಿಗೆ ಜಾಗವಿದೆ. ಒಂದು ಬಾವಿಯಿಂದ ಹಲವು ಕವಲು ಕೊರೆದು ತುಂಡು ಮರಳುಗಳನ್ನು ಒಂದೊಂದಾಗಿ ಹಿಡಿಯಬಹುದು. ಆದರೆ ಪ್ರತಿ ಕವಲಿಗೂ ಶೇ 78 ತೆರಿಗೆ ಕಳೆದು ಖರ್ಚು ಹುಟ್ಟಬೇಕು. ಆದ್ದರಿಂದ ಅಡೂರಾ ಮುಂದಿನ ವರದಿಗಳಲ್ಲಿ ಒಟ್ಟು ಬ್ಯಾರಲ್ ಸಂಖ್ಯೆಗಿಂತ ಎರಡು ಸಣ್ಣ ಅಂಕಿಗಳನ್ನು ಹುಡುಕಿ: ವರ್ಷಕ್ಕೆ ಎಷ್ಟು ಹೊಸ ಕವಲು ಕೊರೆದರು, ಮತ್ತು ಆ ಕವಲುಗಳಲ್ಲಿ ನೀರು ಎಷ್ಟನೆಯ ತಿಂಗಳಿಗೆ ಬಂತು. 18 ಕೋಟಿ ಮೇಲೇರುವುದೋ ಇನ್ನೂ ಕೆಳಗಿಳಿಯುವುದೋ ಗೊತ್ತಾಗುವುದು ಅಲ್ಲಿ.